ಗ್ರಾಮಾಫೋನಿನಲ್ಲಿ ಸಂಪೂರ್ಣ ಕೃತಿಗಳು

ಒಬ್ಬ ಸಂಗೀತಕಾರನ ರಚನೆಗಳಲ್ಲಿ ಉತ್ತಮವಾದ ನಾಲ್ಕಾರನ್ನು ಆರಿಸಿ ಧ್ವನಿಮುದ್ರಿಸಿದರೆ ಸಾಲದೆ? ಎಲ್ಲವನ್ನೂ, ಒಂದನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ಮುದ್ರಿಸಿಡಬೇಕೆಂಬ ಹಟವೇಕೆ? ಹಣವೂ ಕಾಲವೂ ಮಿತವಾಗಿರುವ ಲೋಕದಲ್ಲಿ ಈ ಪ್ರಶ್ನೆ ಸಹಜವಾದುದೇ. ಸಾಧಾರಣವಾಗಿ ನಾವೂ ಆಯ್ಕೆಯ ಪಕ್ಷದವರೇ. ಎಲೆಗೆ ಬಡಿಸಿದುದನ್ನೆಲ್ಲ ಉಂಡೇ ಏಳಬೇಕೆಂಬ ಕಟ್ಟಳೆ ರಸಿಕತೆಯಲ್ಲಿಲ್ಲ. ಆದರೆ ಪ್ರಭುತ್ವದ ಭಯದಲ್ಲಿ ಹುಟ್ಟಿದ ಸಂಗೀತದ ಮಾತು ಬಂದಾಗ ಈ ನ್ಯಾಯ ನಡೆಯುವುದಿಲ್ಲ. ಅಲ್ಲಿ ಆಯ್ಕೆಯ ಕೆಲಸವನ್ನು ನಮಗಿಂತ ಮೊದಲೇ ಬೇರೊಬ್ಬರು ಮಾಡಿ ಮುಗಿಸಿರುತ್ತಾರೆ. ಯಾವುದು ಸಭೆಯಲ್ಲಿ ನುಡಿಯಬೇಕು, ಯಾವುದು ಪೆಟ್ಟಿಗೆಯಲ್ಲಿ ಮಲಗಬೇಕು ಎಂಬುದನ್ನು ಕಿವಿಯಿಲ್ಲದ ಅಧಿಕಾರಿಯೊಬ್ಬನು ತೀರ್ಮಾನಿಸಿರುತ್ತಾನೆ. ಉಳಿದುದರಲ್ಲಿ ನಾವು ಆರಿಸತೊಡಗಿದರೆ ಅವನ ಆಯ್ಕೆಗೆ ನಮ್ಮ ಮುದ್ರೆಯನ್ನು ಒತ್ತಿದಂತಾಗುತ್ತದೆ.

ಧಾರವಾಡದ ಹಳ್ಳಿಗಾಡಿನವರಿಗೆ ಇದು ತೀರ ಹೊಸ ಸಂಗತಿಯೇನೂ ಅಲ್ಲ. ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬನು ೧೮೫೮ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದು ಗಲ್ಲಿಗೇರಿದನು. ಅದಕ್ಕೂ ಮುಂಚೆ, ೧೮೫೭ರಲ್ಲಿ, ಜನರು ತಮ್ಮಲ್ಲಿದ್ದ ಆಯುಧಗಳನ್ನು ತಂದೊಪ್ಪಿಸಬೇಕೆಂಬ ಆಜ್ಞೆಯನ್ನು ಹಲಗಲಿಯ ಬೇಡರು ಧಿಕ್ಕರಿಸಿದರು. ಊರು ಸುಟ್ಟಿತು, ಹಿಡಿದವರನ್ನು ನೇಣಿಗೆ ಹಾಕಿದರು. ಈ ಕಥೆಗಳನ್ನು ಲಾವಣಿಕಾರರು ಹಾಡು ಕಟ್ಟಿ, ದಪ್ಪು ಬಡಿದು, ಊರೂರಿಗೆ ಒಯ್ದರು. ಹಲಗಲಿಯ ಹಾಡು ಅಚ್ಚಿನಲ್ಲಿ ನಮಗೆ ದೊರೆತುದು ಯಾರಿಂದ? ಅದೇ ಸರ್ಕಾರದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟನಿಂದ. ನಮ್ಮ ಶಾಸನಗಳನ್ನು ಓದಿ ಅರ್ಥಮಾಡಿದ ಆ ಪಂಡಿತನು ೧೮೮೦ರ ದಶಕದಲ್ಲಿ ಈ ಪ್ರಾಂತದ ಕೆಲವು ಲಾವಣಿಗಳನ್ನು ಜನರ ಬಾಯಿಂದ ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಆತನ ಉಪಕಾರವನ್ನು ನಾವು ಮರೆಯಲಾಗದು. ಆದರೂ ಆತನೇ ಕೊಟ್ಟ ತಲೆಬರಹದಲ್ಲಿ ‘ಆಯ್ದ’ ಲಾವಣಿಗಳು ಎಂಬ ಅರ್ಥವಿದೆ. ಆಯದೆ ಬಿಟ್ಟವುಗಳ ಗತಿಯೇನಾಯಿತು? ಹಾಡುವವರ ಸಂಗಡ ಅವೂ ಮಣ್ಣುಗೂಡಿದುವು. ರಾಗವಂತೂ, ಆಯ್ದವುಗಳದ್ದಾಗಲಿ ಬಿಟ್ಟವುಗಳದ್ದಾಗಲಿ, ಆ ಕಾಗದದ ಮೇಲೆ ಬರಲೇ ಇಲ್ಲ.

ರಾಗವನ್ನೂ ಹಿಡಿದಿಡುವ ಯಂತ್ರ ಬಂದ ಮೇಲೆ ಆಯ್ಕೆಯ ತೊಡಕು ತೀರಬೇಕಾಗಿತ್ತು, ತೀರಲಿಲ್ಲ. ಅರಗಿನ ಗ್ರಾಮಾಫೋನು ತಟ್ಟೆಗೆ ತನ್ನದೇ ಆದ ಒಂದು ದಬ್ಬಾಳಿಕೆಯಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ. ಹನ್ನೆರಡು ಅಂಗುಲದ್ದರಲ್ಲಿ ನಾಲ್ಕೂವರೆ ನಿಮಿಷದ ಆಸುಪಾಸು. ತಟ್ಟೆ ನಿಮಿಷಕ್ಕೆ ೭೮ ಸುತ್ತು ಸುತ್ತಿ ಮುಗಿಯಿತೆಂದರೆ ಮುಗಿಯಿತು, ಗಾಯಕ ಯಾವ ಸ್ವರದ ಮೇಲೆ ನಿಂತಿದ್ದರೇನು!

ಇದರ ಫಲವನ್ನು ಕುಂದಗೋಳದಲ್ಲಿ ಕಾಣಬಹುದು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ರಾಮಭಾವು ಕುಂದಗೋಳಕರರು, ಮಿರಜಿಗೂ ಮೈಸೂರಿಗೂ ನಡುವೆ ಸಂಚರಿಸುತ್ತಿದ್ದ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಸವಾಯಿ ಗಂಧರ್ವರೆಂಬ ಹೆಸರು ಪಡೆದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡುದೂ, ಭೀಮಸೇನ ಜೋಶಿಯವರು ಅವರ ಮನೆಯಲ್ಲಿಯೇ ಇದ್ದು ಕಲಿತುದೂ ಎಲ್ಲರೂ ಬಲ್ಲ ಕಥೆ. ಕಿರಾಣಾ ಪದ್ಧತಿಯಲ್ಲಿ ವಿಲಂಬಿತ ಖ್ಯಾಲು ಒಂದೊಂದೇ ಸ್ವರವನ್ನು ಮುಟ್ಟಿ, ಸವರಿ, ಬಿಟ್ಟು, ಮತ್ತೆ ಹಿಡಿದು ಬೆಳೆಯತಕ್ಕದ್ದು. ಗಾಂಧಾರವನ್ನು ತಲುಪುವುದಕ್ಕೇ ಮೂರು ನಿಮಿಷ ಸಾಲದು. ಅಂಥ ಗಾಯಕರು ಕಂಪೆನಿಯ ಕೊಠಡಿಯಲ್ಲಿ ಯಂತ್ರದ ಮುಂದೆ ನಿಂತು, ಆರಂಭವಾದೊಡನೆಯೇ ಮುಕ್ತಾಯವನ್ನು ನೆನೆಯುತ್ತ ಹಾಡಬೇಕಾಯಿತು. ೧೯೫೨ರಲ್ಲಿ ಗತಿಸಿದ ಸವಾಯಿ ಗಂಧರ್ವರ ಕಂಠ ಇಂದು ನಮಗೆ ಉಳಿದಿರುವುದು ಇಂಥ ಕೆಲವೇ ತಟ್ಟೆಗಳಲ್ಲಿ. ಅವು ಸುಂದರವಾಗಿಯೇ ಇವೆ. ಆದರೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಅವರ ಪುಣ್ಯಸ್ಮರಣೆಗಾಗಿ ರಾತ್ರಿಯಿಡೀ ನಡೆದುಬಂದ ಸಂಗೀತಸಭೆಯಲ್ಲಿ ಕುಳಿತವರಿಗೆ, ಆ ಮೂರು ನಿಮಿಷ ಬಾವಿಯಿಂದ ಸೇದಿದ ಒಂದು ತಂಬಿಗೆ ನೀರೆಂದೇ ತೋರುವುದು. ಖ್ಯಾಲು ಬರೆದಿಟ್ಟ ಕೃತಿಯಲ್ಲ; ಹಾಡಿದಾಗ ಮಾತ್ರ ಅದು ಇರುತ್ತದೆ. ಆದುದರಿಂದ ಅಲ್ಲಿ ಕಳೆದುದು ಕಳೆದಂತೆಯೇ.

ಪಶ್ಚಿಮದವರ ಸ್ಥಿತಿ ಒಂದು ಬಗೆಯಲ್ಲಿ ಮೇಲು. ಅವರ ಸಂಗೀತ ಸ್ವರಲಿಪಿಯಲ್ಲಿ ಬರೆದುದು. ಇಂದು ನುಡಿಸದಿದ್ದರೆ ನಾಳೆ ನುಡಿಸಬಹುದು. ಉದ್ದವಾದ ಕೃತಿಯನ್ನು ತುಂಡುಮಾಡಿ, ಒಂದರ ಹಿಂದೆ ಒಂದಾಗಿ ಹತ್ತು ಮಗ್ಗುಲುಗಳಿಗೆ ಹಂಚಿ, ಐದು ತಟ್ಟೆಗಳ ಒಂದು ಸಂಪುಟ ಮಾಡುತ್ತಿದ್ದರು. ಕೇಳುವವನು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸಬೇಕು. ಸಂಗೀತಕ್ಕಿಂತ ವ್ಯಾಯಾಮವೇ ಹೆಚ್ಚೆಂದು ಹಾಸ್ಯಮಾಡಿದವರೂ ಇದ್ದಿರಬೇಕು. ಖರ್ಚಿನ ಪ್ರಶ್ನೆಗೆ ಲಂಡನ್ನಿನ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯ ವಾಲ್ಟರ್ ಲೆಗ್ ಎಂಬಾತನು ಒಂದು ಉಪಾಯ ಕಂಡುಕೊಂಡನು. ನಮ್ಮಲ್ಲಿ ಗ್ರಂಥಮಾಲೆಗಳು ಚಂದಾದಾರರಿಂದ ಮುಂಗಡ ಹಣ ಪಡೆದು ಪುಸ್ತಕ ಅಚ್ಚುಹಾಕಿಸುವ ಹಾಗೆ, ಒಂದೊಂದು ಸಂಗೀತಕಾರನ ಹೆಸರಿನಲ್ಲಿ ಒಂದೊಂದು ಸಂಘ ಕಟ್ಟಿ, ಚಂದಾ ಸೇರಿದ ಮೇಲೆಯೇ ತಟ್ಟೆ ಹೊರಡಿಸುವುದು. ೧೯೩೧ರಲ್ಲಿ ಹ್ಯೂಗೊ ವುಲ್ಫನ ಗೀತೆಗಳಿಗೆ ಹೀಗೆ ಸಂಘ ಹುಟ್ಟಿತು. ಅದರ ಬೆನ್ನಿಗೆ ಬೆಥೋವನ್ನನ ೩೨ ಪಿಯಾನೋ ಸೊನಾಟಗಳೂ ಷ್ನಾಬೆಲನ ಕೈಯಿಂದ ತಟ್ಟೆಗೇರಿದುವು.

ಚಂದಾದಾರರೇ ಇಲ್ಲದ ಸಂಗೀತಕಾರನಾದರೆ? ಇಲ್ಲಿಯೇ ಮೈಸೂರಿನ ಪ್ರವೇಶ.

ನಿಕೊಲಾಯ್ ಮೆಟ್ನರನು ೧೮೮೦ರಲ್ಲಿ ಮಾಸ್ಕೋವಿನಲ್ಲಿ ಹುಟ್ಟಿದನು. ೧೯೦೦ರಲ್ಲಿ ಅಲ್ಲಿಯ ಸಂಗೀತಶಾಲೆಯಿಂದ ಪಿಯಾನೋ ವಾದನದಲ್ಲಿ ಚಿನ್ನದ ಪದಕದೊಡನೆ ಹೊರಬಂದವನು. ಬಯಸಿದ್ದರೆ ಊರೂರು ತಿರುಗಿ ಕೀರ್ತಿ ಸಂಪಾದಿಸಬಹುದಾಗಿತ್ತು. ಅವನ ಮನಸ್ಸು ರಚನೆಯ ಕಡೆಗೆ ಹರಿಯಿತು. ಹದಿನಾಲ್ಕು ಸೊನಾಟಗಳು, ‘ಕಥೆ’ಗಳೆಂದು ತಾನೇ ಹೆಸರಿಟ್ಟ ಕಿರುಕೃತಿಗಳು, ಪಿಯಾನೋ ಮತ್ತು ಮೇಳಕ್ಕಾಗಿ ಮೂರು ಕನ್ಸರ್ಟೊಗಳು, ನೂರಕ್ಕೂ ಮಿಗಿಲಾದ ಗೀತೆಗಳು: ಇದು ಅವನ ಬಾಳಿನ ಬೆಳೆ. ಸಿಂಫೊನಿಯೊಂದನ್ನೂ ಅವನು ಬರೆಯಲಿಲ್ಲ. ಕ್ರಾಂತಿಯ ಬಳಿಕ ಹಸಿವೂ ಚಳಿಯೂ ಕಿತ್ತುತಿನ್ನುತ್ತಿದ್ದ ದಿನಗಳಲ್ಲಿ ಅವನು ‘ಮರೆತ ರಾಗಗಳು’ ಎಂಬ ಮಾಲೆಯನ್ನು ರಚಿಸತೊಡಗಿದನು. ಅದರಲ್ಲಿಯ ‘ಸ್ಮರಣೆ’ಯ ಸೊನಾಟವನ್ನು ಕೇಳಿದವರು ಯಾರೂ ಬೇಗ ಮರೆಯಲಾರರು. ೧೯೨೧ರಲ್ಲಿ ದೇಶಬಿಟ್ಟನು. ಬರ್ಲಿನ್ನು, ಪ್ಯಾರಿಸ್ಸು, ಕೊನೆಗೆ ೧೯೩೫ರಲ್ಲಿ ಲಂಡನ್ನು. ೧೯೨೭ರಲ್ಲಿ ಒಮ್ಮೆ ತಾಯ್ನಾಡಿಗೆ ಹೋಗಿ ಕಚೇರಿಗಳನ್ನು ಮಾಡಿಬಂದುದೇ ಕೊನೆ. ಮತ್ತೆ ರಷ್ಯವನ್ನು ಅವನು ನೋಡಲಿಲ್ಲ.

ಮೆಟ್ನರನನ್ನು ಯಾರೂ ಸೆರೆಯಲ್ಲಿಡಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಆತನ ಪಾಲಿಗೆ ಬಂದ ನಿರ್ಬಂಧ ಬೇರೆ ತರದ್ದು. ದೇಶಬಿಟ್ಟವನ ಹೆಸರನ್ನು ಎತ್ತುವುದು ಅಲ್ಲಿಯವರಿಗೆ ಕ್ಷೇಮಕರವಲ್ಲ, ಎತ್ತದಿದ್ದರೆ ನುಡಿಸುವವರಿಲ್ಲ, ನುಡಿಸದಿದ್ದರೆ ಮುಂದಿನ ಪೀಳಿಗೆಗೆ ಅಂಥವನೊಬ್ಬನಿದ್ದನೆಂಬುದೇ ತಿಳಿಯದು. ನಮ್ಮ ಎಣಿಕೆಯಲ್ಲಿ ಇದು ಸೆರೆಮನೆಗಿಂತ ಅಗ್ಗವಾದ, ಸೆರೆಮನೆಗಿಂತ ಹೆಚ್ಚು ಕಾಲ ನಿಲ್ಲುವ ಶಿಕ್ಷೆ. ಇತ್ತ ಪಶ್ಚಿಮದಲ್ಲಿಯೋ ಹೊಸ ಹೊಸ ಬೆಡಗುಗಳ ಕಾಲ. ಹಳೆಯ ಸ್ವರಧರ್ಮವನ್ನು ಬಿಡೆನೆಂದು ಹಟಹಿಡಿದು ೧೯೩೫ರಲ್ಲಿ ಪುಸ್ತಕವನ್ನೇ ಬರೆದ ಈತನನ್ನು ಕೇಳುವವರು ಅಲ್ಲಿಯೂ ವಿರಳ. ರಾಖ್ಮನಿನೋವನಂಥ ಗೆಳೆಯನ ನೆರವಿನಿಂದಲೂ, ಪಾಠ ಹೇಳಿ ಬಂದ ಹಣದಿಂದಲೂ ಸಂಸಾರ ಸಾಗುತ್ತಿದ್ದಿತು. ೧೯೪೨ರಲ್ಲಿ ಹೃದಯದ ಬೇನೆ ಬೇರೆ.

ಮೈಸೂರಿನಲ್ಲಿ ೧೯೪೦ರಲ್ಲಿ ಪಟ್ಟಕ್ಕೆ ಬಂದ ಶ್ರೀ ಜಯಚಾಮರಾಜ ಒಡೆಯರವರು ಎಳೆಯ ವಯಸ್ಸಿನಿಂದ ಪಿಯಾನೋ ಅಭ್ಯಾಸಮಾಡಿದವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಅವರಿಗಿತ್ತು. ಅರಮನೆಯಲ್ಲಿ ಸಾವಿರಗಟ್ಟಲೆ ತಟ್ಟೆಗಳು ಸೇರಿದ್ದುವು. ಮುಂದೆ ಕರ್ನಾಟಕ ಪದ್ಧತಿಯಲ್ಲಿ ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ೯೪ ಕೃತಿಗಳನ್ನು ರಚಿಸಿದವರೂ ಇವರೇ. ೧೯೪೬ರ ಸುಮಾರಿಗೆ, ತಮಗಿನ್ನೂ ಇಪ್ಪತ್ತೇಳು ವರ್ಷ ವಯಸ್ಸಾಗಿದ್ದಾಗ, ಅವರು ಮೆಟ್ನರನ ಕೃತಿಗಳನ್ನೆಲ್ಲ ಅವನ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಸಂಕಲ್ಪಿಸಿ, ಅದರ ವೆಚ್ಚವನ್ನು ವಹಿಸಿಕೊಂಡರು. ಸಾವಿರಾರು ಮೈಲಿ ದೂರದ, ಕಣ್ಣಿನಿಂದಲೂ ಕಾಣದ ಅರಸನಿಂದ ಇಂಥ ಮಾತು ಬಂದಾಗ ಗೋಲ್ಡರ್ಸ್ ಗ್ರೀನಿನ ಪುಟ್ಟ ಮನೆಯಲ್ಲಿ ಆ ಮುದುಕನಿಗೆ ಏನೆನಿಸಿತೋ! ಆರೋಗ್ಯ ಕೆಟ್ಟಿದ್ದರೂ ಅವನು ಮತ್ತೆ ಪಿಯಾನೋದ ಮುಂದೆ ಕುಳಿತು ಸಾಧನೆಮಾಡತೊಡಗಿದನು.

ವಾಲ್ಟರ್ ಲೆಗ್ ಈ ಕೆಲಸಕ್ಕೆ ನಡುವಾಳಾದನು. ಯುದ್ಧಾನಂತರ ಅವನು ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯಮೇಳಕ್ಕೆ ನೆಲೆಯಿಲ್ಲದಿದ್ದಾಗ, ಮಹಾರಾಜರು ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಸಹಾಯ ಕೊಡಲೊಪ್ಪಿದರೆಂದು ಆತನೇ ಬರೆದಿಟ್ಟಿದ್ದಾನೆ. ೧೯೪೭ರಲ್ಲಿ ಮೂರು ಕನ್ಸರ್ಟೊಗಳೂ ಈ ಮೇಳದೊಡನೆ ಮುದ್ರಿತವಾದುವು. ಎರಡನೆಯದನ್ನೂ ಮೂರನೆಯದನ್ನೂ ನಡೆಸಿದವನು ಇಸ್ಸಾಯ್ ದೊಬ್ರೋವೆನ್, ಅವನೂ ರಷ್ಯ ಬಿಟ್ಟುಬಂದವನೇ. ಬಳಿಕ ಗೀತೆಗಳು, ಅವುಗಳಲ್ಲಿ ಕೆಲವನ್ನು ಎಲಿಸಬೆತ್ ಷ್ವಾರ್ಟ್ಸ್‌ಕಾಫ್ ಎಂಬ ಪ್ರಸಿದ್ಧ ಗಾಯಕಿ ಹಾಡಿದಳು, ಪಿಯಾನೋಗೆ ಮೆಟ್ನರನೇ ಕುಳಿತನು. ತರುಣನಾಗಿದ್ದಾಗ ಆರಂಭಿಸಿ ನಾಲ್ಕು ದಶಕಗಳ ಮೇಲೆ ಮುಗಿಸಿದ ಪಂಚವಾದ್ಯದ ಕೃತಿಯೊಂದನ್ನೂ ಆಗಲೇ ಮುದ್ರಿಸಿದರು. ಮೂರನೆಯ ಕನ್ಸರ್ಟೊವನ್ನು ಆತನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಅದು ಮಹಾರಾಜರ ನೆರವಿಗೆ ಮುಂಚೆಯೇ, ಯುದ್ಧದ ನಡುವೆ, ಪರರ ಮನೆಯಲ್ಲಿದ್ದು ಬರೆದ ಕೃತಿ. ಹೊಗಳಿ ಸಂಭಾವನೆ ಪಡೆಯುವ ಆಸ್ಥಾನಪದ್ಧತಿಗೆ ಇದು ತಿರುಗುಮುರುಗು. ಸಂಭಾವನೆ ಬಂದ ಮೇಲೆ ಹಿಂದಿನ ಕೃತಿಗೆ ಹೆಸರು ಸೇರಿತು.

ಆದರೆ ‘ಎಲ್ಲವೂ’ ಎಂಬ ಸಂಕಲ್ಪ ನೆರವೇರಲಿಲ್ಲ. ಮೆಟ್ನರ್ ಸಂಘದ ಹೆಸರಿನಲ್ಲಿ ಮೂರು ಸಂಪುಟಗಳು ಹೊರಬಿದ್ದುವು, ಅಷ್ಟೇ. ೧೯೪೭ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು; ೧೯೫೦ರಲ್ಲಿ ಮಹಾರಾಜರು ರಾಜಪ್ರಮುಖರಾದರು; ೧೯೫೧ರ ನವೆಂಬರಿನಲ್ಲಿ ಮೆಟ್ನರನು ತೀರಿಕೊಂಡನು. ಅಷ್ಟು ಹೊತ್ತಿಗೆ ಅರಗಿನ ತಟ್ಟೆಯ ಕಾಲವೇ ಮುಗಿಯುತ್ತ ಬಂದಿತ್ತು. ಆದರೂ ಆ ಮೂರು ಸಂಪುಟಗಳು ಇರದೆ ಹೋಗಿದ್ದರೆ, ತನ್ನ ಸಂಗೀತ ಹೇಗಿರಬೇಕೆಂದು ಮೆಟ್ನರನು ಬಗೆದಿದ್ದನೆಂಬುದಕ್ಕೆ ಎಷ್ಟು ಕಡಿಮೆ ಸಾಕ್ಷ್ಯ ಉಳಿಯುತ್ತಿತ್ತು! ಆತನ ಪತ್ನಿ ಆನ್ನಾ ೧೯೫೮ರಲ್ಲಿ ಹಸ್ತಪ್ರತಿಗಳೊಡನೆ ಮಾಸ್ಕೋವಿಗೆ ಮರಳಿದಳು. ೧೯೫೯ರಿಂದ ೧೯೬೩ರ ವರೆಗೆ, ಯಾವ ದೇಶ ಆತನನ್ನು ಮರೆತಿತ್ತೋ ಅದೇ ದೇಶದ ಸರ್ಕಾರಿ ಮುದ್ರಣಾಲಯ ಆತನ ಸಮಗ್ರ ಕೃತಿಗಳನ್ನು ಹನ್ನೆರಡು ಸಂಪುಟಗಳಲ್ಲಿ ಅಚ್ಚುಮಾಡಿತು. ಹದಿನಾಲ್ಕು ಸೊನಾಟಗಳನ್ನೂ ಒಬ್ಬನೇ ನುಡಿಸಿದ ಮುದ್ರಣಗಳು ೧೯೯೦ರ ದಶಕದಲ್ಲಿ ಬಂದುವು. ಕೆನಡದ ಮಾರ್ಕ್-ಆಂದ್ರೆ ಹಾಮೆಲಿನನದು ಅವುಗಳಲ್ಲಿ ಹೆಸರಾದುದು.

ಈ ತನಕ ನಾವು ಹೇಳಿದುದು ಹೊರಗಿನಿಂದ ಬಂದ ಸಹಾಯದ ಕಥೆ. ದಬ್ಬಾಳಿಕೆ ನಡೆಯುತ್ತಿರುವ ನೆಲದಲ್ಲಿಯೇ ನಿಂತು ಸಮಗ್ರವಾಗಿ ಮುದ್ರಿಸಲು ಸಾಧ್ಯವೆ? ಇದಕ್ಕೆ ಉತ್ತರ ದ್ಮಿತ್ರಿ ಶೊಸ್ತಕೋವಿಚನ ಹದಿನೈದು ಸಿಂಫೊನಿಗಳಲ್ಲಿದೆ.

ಸಿಂಫೊನಿಯೆಂದರೇನೆಂದು ಎರಡು ಮಾತು. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನೇಯುವ ಜಮಖಾನವನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಅಂಚಿನಲ್ಲಿ ಒಂದು ಬಳ್ಳಿ, ನಡುವೆ ಒಂದು ಪಗಡೆಯ ಹಾಸು, ಮತ್ತೆ ಅದೇ ಬಳ್ಳಿ ಬೇರೆ ಬಣ್ಣದಲ್ಲಿ. ಮೂಲೆಯನ್ನಷ್ಟೇ ಮಡಿಸಿ ತೋರಿಸಿದರೆ ವಿನ್ಯಾಸ ತಿಳಿಯುವುದಿಲ್ಲ, ಪೂರ್ತಿ ಹಾಸಿದಾಗಲೇ ತಿಳಿಯುವುದು. ಸಿಂಫೊನಿಯಲ್ಲಿಯೂ ಹೀಗೆಯೇ. ಎಂಬತ್ತು ನೂರು ವಾದ್ಯಗಾರರು ಸೇರಿ ನುಡಿಸುವ, ಸಾಮಾನ್ಯವಾಗಿ ನಾಲ್ಕು ಖಂಡಗಳ ದೀರ್ಘಕೃತಿಯದು. ಮೊದಲ ಖಂಡದಲ್ಲಿ ಸುಳಿದ ಒಂದು ಸ್ವರಗುಚ್ಛ ಕೊನೆಯ ಖಂಡದಲ್ಲಿ ವೇಷ ಬದಲಿಸಿ ಬಂದಾಗ ಗುರುತಿಸುವುದರಲ್ಲಿಯೇ ಕೇಳುವ ಸುಖ. ಹದಿನೈದು ಸಿಂಫೊನಿ ಬರೆದವನ ಬಾಳೂ ಅಂಥ ಒಂದು ಹಾಸೇ.

ಶೊಸ್ತಕೋವಿಚನು ೧೯೦೬ರಲ್ಲಿ ಹುಟ್ಟಿದನು. ಮೊದಲನೆಯ ಸಿಂಫೊನಿ ೧೯೨೬ರಲ್ಲಿ ನುಡಿದಾಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಹತ್ತು ವರ್ಷ ಕಳೆದು, ೧೯೩೬ರ ಜನವರಿ ೨೮ರಂದು, ಅವನ ಗೀತನಾಟಕವೊಂದನ್ನು ಸಂಗೀತವಲ್ಲ, ಗೊಂದಲವೆಂದು ‘ಪ್ರಾವ್ದಾ’ ಪತ್ರಿಕೆ ಹೆಸರಿಲ್ಲದ ಲೇಖನದಲ್ಲಿ ಜರೆಯಿತು. ಸ್ತಾಲಿನನು ಆ ನಾಟಕದ ನಡುವೆಯೇ ಎದ್ದುಹೋದ ಮೇಲೆ ಬಂದ ಲೇಖನವದು. ಜನ ರಾತ್ರೋರಾತ್ರಿ ಮಾಯವಾಗುತ್ತಿದ್ದ ಆ ಕಾಲದಲ್ಲಿ ಇಂಥ ಟೀಕೆ ಬರಿಯ ಟೀಕೆಯಲ್ಲ. ಆಗ ಅವನು ಬರೆಯುತ್ತಿದ್ದುದು ನಾಲ್ಕನೆಯ ಸಿಂಫೊನಿ. ಮುಗಿಸಿದನು, ಲೆನಿನ್‌ಗ್ರಾದಿನಲ್ಲಿ ತಾಲೀಮೂ ನಡೆಯಿತು, ಡಿಸೆಂಬರಿನಲ್ಲಿ ಕೃತಿಯನ್ನು ಹಿಂದೆಗೆದುಕೊಂಡನು. ‘ತಾನಾಗಿಯೇ’ ಎಂದು ಕಾಗದದ ಮೇಲೆ ಇರಬಹುದು. ಮರುವರ್ಷ ನವೆಂಬರಿನಲ್ಲಿ ಐದನೆಯದು ನುಡಿಯಿತು, ಸಭಿಕರು ಕಣ್ಣೀರಿಟ್ಟರು, ಪ್ರಭುಗಳು ಮೆಚ್ಚಿದರು, ಜೀವ ಉಳಿಯಿತು. ನಾಲ್ಕರ ಮೂಲಪ್ರತಿ ಯುದ್ಧಕಾಲದಲ್ಲಿ ಕಳೆದುಹೋಯಿತು. ತಾಲೀಮಿಗೆಂದು ಒಬ್ಬೊಬ್ಬ ವಾದ್ಯಗಾರನಿಗೂ ಬೇರೆಬೇರೆಯಾಗಿ ನಕಲುಮಾಡಿದ್ದ ಹಾಳೆಗಳು ಉಳಿದಿದ್ದುವು; ಅವನ್ನು ಒಂದಕ್ಕೊಂದು ಜೋಡಿಸಿ ಸ್ವರಲಿಪಿಯನ್ನು ಮತ್ತೆ ಕಟ್ಟಿದರು. ಹರಿದ ಪಾತ್ರಗಳ ಮಾತುಗಳಿಂದ ನಾಟಕವನ್ನು ಮರಳಿ ಹೊಲಿದ ಹಾಗೆ. ೧೯೬೧ರ ಡಿಸೆಂಬರ್ ೩೦ರಂದು, ಇಪ್ಪತ್ತೈದು ವರ್ಷದ ಮೇಲೆ, ಕಿರಿಲ್ ಕೊಂದ್ರಾಶಿನನು ಮಾಸ್ಕೋ ಫಿಲ್ಹಾರ್ಮೋನಿಕ್ ಮೇಳದಿಂದ ಅದನ್ನು ಮೊದಲಸಲ ನುಡಿಸಿದನು.

ಏಳನೆಯದರ ಕಥೆಯನ್ನು ರೇಡಿಯೋ ಶ್ರೋತೃಗಳು ಅವಶ್ಯವಾಗಿ ತಿಳಿದಿರಬೇಕು. ಜರ್ಮನರು ಮುತ್ತಿದ್ದ ಲೆನಿನ್‌ಗ್ರಾದಿನಲ್ಲಿ ೧೯೪೨ರ ಆಗಸ್ಟ್ ೯ರಂದು, ಹಸಿವಿನಿಂದ ಸತ್ತು ಉಳಿದ ವಾದ್ಯಗಾರರನ್ನು ಕೂಡಿಸಿ ಎಲಿಯಾಸ್‌ಬರ್ಗ್ ಎಂಬುವನು ಅದನ್ನು ನುಡಿಸಿದನು. ಧ್ವನಿವರ್ಧಕಗಳ ಮೂಲಕ ಊರಿಗೆಲ್ಲ ಕೇಳಿಸಿತು. ಇಂಥ ಗೌರವ ಪಡೆದವನ ಎಂಟನೆಯ, ಒಂಬತ್ತನೆಯ ಸಿಂಫೊನಿಗಳು ೧೯೪೮ರಲ್ಲಿ ನಿಷಿದ್ಧ ಕೃತಿಗಳ ಪಟ್ಟಿಯಲ್ಲಿ ಸೇರಿದುವು. ಆ ವರ್ಷ ಫೆಬ್ರವರಿ ೧೦ರ ಪಕ್ಷದ ನಿರ್ಣಯವು ಶೊಸ್ತಕೋವಿಚ್, ಪ್ರೊಕೊಫಿಯೆವ್, ಮ್ಯಾಸ್ಕೊವ್‌ಸ್ಕಿ ಮೊದಲಾದವರನ್ನು ಜನವಿರೋಧಿಗಳೆಂದು ಹೆಸರಿಸಿತ್ತು. ಲಂಡನ್ನಿನಲ್ಲಿ ಮೈಸೂರಿನ ಹಣದಿಂದ ಮೆಟ್ನರನ ತಟ್ಟೆಗಳು ಸಿದ್ಧವಾಗುತ್ತಿದ್ದುದೂ ಇದೇ ಕಾಲದಲ್ಲಿ.

೧೯೫೩ರ ಮಾರ್ಚಿನಲ್ಲಿ ಸ್ತಾಲಿನನು ಸತ್ತನು. ಡಿಸೆಂಬರಿನಲ್ಲಿ ಹತ್ತನೆಯದು ಬಂದಿತು. ಅದರಲ್ಲೊಂದು ಗುಟ್ಟಿದೆ, ಅದು ನಮ್ಮವರಿಗೆ ಯೂರೋಪಿನವರಿಗಿಂತ ಬೇಗ ತಿಳಿಯತಕ್ಕದ್ದು. ಜರ್ಮನರು ಸ್ವರಗಳಿಗೆ ಅಕ್ಷರಗಳ ಹೆಸರಿಟ್ಟಿದ್ದಾರಾಗಿ, ತನ್ನ ಹೆಸರಿನ ಮೊದಲಕ್ಷರಗಳಿಗೆ ಸರಿಯಾಗಿ ಶೊಸ್ತಕೋವಿಚನು ನಾಲ್ಕು ಸ್ವರಗಳ ಒಂದು ಗುಚ್ಛ ಮಾಡಿಕೊಂಡನು. ನಮ್ಮ ಲೆಕ್ಕದಲ್ಲಿ ರಿ, ಗ, ಸ, ನಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಷಡ್ಜ, ಮಂದ್ರದ ಕಾಕಲಿ ನಿಷಾದ. ಹತ್ತನೆಯದರ ಕೊನೆಯಲ್ಲಿ ಇಡೀ ಮೇಳವೇ ಇದನ್ನು ಕೂಗಿ ಹೇಳುತ್ತದೆ. ವಾಗ್ಗೇಯಕಾರರು ಚರಣದಲ್ಲಿ ಇಡುವ ಅಂಕಿತವಲ್ಲದೆ ಇದು ಮತ್ತೇನು? ನಮ್ಮಲ್ಲಿ ಅಂಕಿತ ದೇವರ ಹೆಸರಿನ ಮರೆಯಲ್ಲಿ ತನ್ನನ್ನು ಕಳೆದುಕೊಳ್ಳುವುದಕ್ಕೆ. ಅವನಿಗೋ ತಾನಿನ್ನೂ ಇದ್ದೇನೆಂದು ಸಾರುವುದಕ್ಕೆ.

ಕೊಂದ್ರಾಶಿನನು ೧೯೬೦ರ ದಶಕದ ಮೊದಲಿಗೆ ತೊಡಗಿ, ಶೊಸ್ತಕೋವಿಚನು ತೀರಿಕೊಂಡ ೧೯೭೫ರ ಹೊತ್ತಿಗೆ, ಹದಿನೈದನ್ನೂ ಮಾಸ್ಕೋದ ತನ್ನ ಮೇಳದಿಂದ ನುಡಿಸಿ ಮುದ್ರಿಸಿದನು. ಹದಿನೈದೂ ಒಂದೆಡೆ ಸೇರಿದುದು ಅದೇ ಮೊದಲು. ಪ್ರಕಟಿಸಿದ ಸಂಸ್ಥೆ ಮೆಲೋದಿಯಾ, ಸರ್ಕಾರದ್ದೇ. ಒಂದು ಕಾಲದಲ್ಲಿ ಬಾಯಿಮುಚ್ಚಿಸಿದ ಕೃತಿಗಳನ್ನು ಅದೇ ಪ್ರಭುತ್ವ ತನ್ನ ಮುದ್ರೆಯೊತ್ತಿ ಅಂಗಡಿಯಲ್ಲಿ ಮಾರಿತು. ಪಶ್ಚಿಮದಲ್ಲಿ ಹಾಲೆಂಡಿನ ಹೈಟಿಂಕನು ೧೯೭೦ರ ದಶಕದ ಕೊನೆಗೆ ಇಂಥದೇ ಕೆಲಸಕ್ಕೆ ಕೈಯಿಟ್ಟನು. ಅವನ ಮುದ್ರಣದಲ್ಲಿ ನಾದ ಹೆಚ್ಚು ಸ್ವಚ್ಛ. ಕೊಂದ್ರಾಶಿನನದರಲ್ಲಿ ತುತ್ತೂರಿಗಳು ಕೆಲವೆಡೆ ಕಿರುಚುತ್ತವೆ, ಆದರೂ ನಾವು ಮೊದಲು ಕೈಹಾಕುವುದು ಅದಕ್ಕೇ. ಆ ವಾದ್ಯಗಾರರಿಗೆ ಈ ಸಂಗೀತದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ಸಮಗ್ರವೆಂದ ಮಾತ್ರಕ್ಕೆ ಎಲ್ಲವೂ ಬಂದಿತೆಂದು ತಿಳಿಯಬಾರದು. ೧೩ನೆಯ ಸಿಂಫೊನಿ ಕವಿ ಯೆವ್ತುಶೆಂಕೊವಿನ ಪದ್ಯಗಳಿಗೆ ಹಾಕಿದ ಸಂಗೀತ. ಮೊದಲ ಖಂಡ ಕೀವಿನ ಹತ್ತಿರದ ಬಾಬಿ ಯಾರ್ ಕಮರಿಯಲ್ಲಿ ನಾಜಿಗಳು ಯೆಹೂದ್ಯರನ್ನು ಕೊಂದುದನ್ನು ಕುರಿತದ್ದು. ಅಲ್ಲಿ ನೆನಪಿನ ಗುರುತೊಂದೂ ಇಲ್ಲವೆಂದು ಕವಿ ಎತ್ತಿಹೇಳಿದ್ದು ಸರ್ಕಾರಕ್ಕೆ ಹಿಡಿಸಲಿಲ್ಲ. ಹಳೆಯ ಸಂಗಾತಿಯಾದ ಮ್ರವಿನ್ಸ್ಕಿ ಮೇಳ ನಡೆಸಲು ಒಲ್ಲೆನೆಂದನ, ಹಾಡಬೇಕಾದವರು ಹಿಂದೆ ಸರಿದರು. ಕೊಂದ್ರಾಶಿನನು ಹಿಂದೆಗೆಯದೆ ೧೯೬೨ರ ಡಿಸೆಂಬರ್ ೧೮ರಂದೂ ೨೦ರಂದೂ ನುಡಿಸಿದನು. ಆ ಬಳಿಕ ಕೆಲವು ಸಾಲುಗಳನ್ನು ಕವಿಯಿಂದ ತಿದ್ದಿಸಿದರು. ಸಮಗ್ರ ಮಾಲೆಯಲ್ಲಿ ಸೇರಿರುವುದು ಆ ತಿದ್ದಿದ ಪದಗಳುಳ್ಳ ಮುದ್ರಣ. ತಿದ್ದದ ಪದಗಳ ೨೦ನೆಯ ತಾರೀಖಿನ ಸಭೆಯ ಮುದ್ರಣವೂ ಉಳಿದಿದೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ, ಮುದ್ರಣದೊಳಗೇ ಕುಳಿತಿರುವ ಅಧಿಕಾರಿಯ ಕೈ ಕಾಣುತ್ತದೆ. ಸ್ವರ ಅದೇ, ಉಸಿರು ಅದೇ. ಮಾತು ಮಾತ್ರ ಸೌಮ್ಯವಾಗಿದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ೧೯೨೭ರ ಎರಡನೆಯದು ಅಕ್ಟೋಬರ್ ಕ್ರಾಂತಿಯ ಸ್ತುತಿ. ೧೯೨೯ರ ಮೂರನೆಯದು ಮೇ ದಿನದ ಸ್ತುತಿ. ೧೯೬೧ರ ಹನ್ನೆರಡನೆಯದಕ್ಕೆ ೧೯೧೭ನೆಯ ವರ್ಷದ್ದೇ ಹೆಸರು. ೧೯೬೦ರಲ್ಲಿ ಅವನು ಪಕ್ಷವನ್ನೂ ಸೇರಿದನು. ಇಂದು ಶೊಸ್ತಕೋವಿಚನನ್ನು ಬರಿಯ ವೀರನೆಂದು ಪೂಜಿಸಬಯಸುವವರು ಈ ಮೂರನ್ನು ಸದ್ದಿಲ್ಲದೆ ಪಕ್ಕಕ್ಕಿಡುತ್ತಾರೆ. ಹಿಂದೆ ಅಧಿಕಾರಿ ನಾಲ್ಕನ್ನು ಪಕ್ಕಕ್ಕಿಟ್ಟನು, ಈಗ ಭಕ್ತರು ಎರಡನ್ನು ಪಕ್ಕಕ್ಕಿಡುತ್ತಾರೆ. ಕೈ ಬೇರೆ, ಕೆಲಸ ಒಂದೇ. ಎರಡನೆಯದರಲ್ಲಿ ಕಾರ್ಖಾನೆಯ ಸಿಳ್ಳೊಂದು ಮೇಳದ ನಡುವೆ ಕೂಗುತ್ತದೆ. ಸಂಗೀತವಾಗಿ ಅದು ನಮಗೆ ರುಚಿಸಲಿಲ್ಲ. ಆದರೆ ಇಪ್ಪತ್ತೊಂದರ ಹುಡುಗನೊಬ್ಬ ಏನನ್ನು ನಂಬಿದ್ದನೋ, ಅಥವಾ ನಂಬಿದಂತೆ ನಟಿಸಬೇಕಾಗಿತ್ತೋ, ಅದನ್ನು ತಿಳಿಯದೆ ಮುಂದಿನ ಹದಿಮೂರನ್ನು ತೂಗುವುದು ಹೇಗೆ?

ಹೊಸದಾಗಿ ಕೇಳುವವರಿಗೆ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಈಗ ತಟ್ಟೆ ತಿರುಗಿಸುವ ಶ್ರಮವಿಲ್ಲ. ಮೆಟ್ನರನ ಹಳೆಯ ಮುದ್ರಿಕೆಗಳೂ ಅರಗಿನಿಂದ ಹೊಸ ಮಾಧ್ಯಮಗಳಿಗೆ ಇಳಿದು ಬಂದಿವೆ. ಮೊದಲು ಮೆಟ್ನರನ ಮೂರನೆಯ ಕನ್ಸರ್ಟೊ, ಮೈಸೂರಿನ ಹೆಸರು ಹೊತ್ತದ್ದು. ಬಳಿಕ ಶೊಸ್ತಕೋವಿಚನ ಐದರ ಮೂರನೆಯ ಖಂಡ. ತಂತಿವಾದ್ಯಗಳು ಮೆಲ್ಲಗೆ ಏರುವ ಆ ಪರಿ ಕಿರಾಣಾ ಖ್ಯಾಲಿಗೆ ಒಗ್ಗಿದ ಕಿವಿಗೆ ಪರಕೀಯವೆನಿಸಲಾರದು. ಆಮೇಲೆ ಹತ್ತು, ರಿ-ಗ-ಸ-ನಿಯನ್ನು ಹುಡುಕುತ್ತ. ಕೊನೆಗೆ ನಾಲ್ಕು. ಇದು ಒಂದು ಗಂಟೆಯ ಕೃತಿ, ನಡುವೆ ಏಳಬಾರದು. ಮುಕ್ತಾಯಕ್ಕೆ ಸ್ವಲ್ಪ ಮುಂಚೆ ಇಡೀ ಮೇಳ ಗರ್ಜಿಸಿ ಒಮ್ಮೆಲೆ ಅಡಗುತ್ತದೆ. ಯಂತ್ರ ಕೆಟ್ಟಿತೆಂದು ತಿಳಿದು ಅಲ್ಲಿ ನಿಲ್ಲಿಸಿಬಿಡುವವರುಂಟು. ನಿಲ್ಲಿಸದಿದ್ದರೆ ಕೆಳಗಿನ ಷಡ್ಜವೊಂದು ತಂಬೂರಿಯ ಶ್ರುತಿಯಂತೆ ಹಲವು ನಿಮಿಷ ಹಾಗೆಯೇ ನಿಂತಿರುತ್ತದೆ. ಅದರ ಮೇಲೆ ಸೆಲೆಸ್ತವೆಂಬ ಸಣ್ಣ ಗಂಟೆಯಂಥ ವಾದ್ಯ ಕೆಲವು ಸ್ವರಗಳನ್ನು ಒಂದೊಂದಾಗಿ ಉದುರಿಸುತ್ತದೆ.